ಅಪ್ಪನ ಜೀಪ್ನಿಯ ಮೇಲಿನ ಮುಖ

ಮರಿಕಿನಾ ಊರಿನ ಲಾಂಡ್ರಿಯಲ್ಲಿ ಮಕ್ಕಳ ಬಟ್ಟೆಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಯಾರೋ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಉಗುರಿನ ಸಂದಿಯಲ್ಲಿ ಚಿತ್ರ ಬರೆದು ಅಂಟಿದ ಬಣ್ಣ, ತಮ್ಮನ ತೊಡೆಯ ಮೇಲೆ ಲ್ಯಾಪ್‌ಟಾಪ್.

“ಅಪ್ಪ ಓಡಿಸೋ ಜೀಪ್ನಿ ಬಸ್ಸಿನ ಮೈಮೇಲೆ ಹಾಕೋಕೆ ಎಐ ಹತ್ರ ಚಿತ್ರ ಮಾಡಿಸ್ದೆ, ಅಕ್ಕ. ನೀನು ಬರೆದಿದ್ದನ್ನ ಅಳಿಸಿ ಇದನ್ನ ಅಂಟಿಸೋಣ.”

“ಚೆನ್ನಾಗಿದೆ. ಈ ಮಗು ಯಾರೋ?”

“ಯಾವುದೋ ಮಗು.”

“ನಾನು ಬರೆದಿದ್ದು ನಿನ್ನ ಚಿಕ್ಕಂದಿನ ಮುಖ.”

“ಹಲ್ಲಿಲ್ಲದ ಮುಖ. ಅದಕ್ಕೇ ಅಳಿಸೋಣ ಅಂದಿದ್ದು. ನನ್ನ ಕಂಪ್ಯೂಟರ್ ಪ್ರೋಗ್ರಾಮೇ ಅರ್ಧ ಎಐ ಬರೆಯತ್ತೆ, ಗೊತ್ತಾ?”

“ಬರೀಲಿ ಬಿಡು. ಆದ್ರೆ ಸಿಗ್ನಲ್‌ನಲ್ಲಿ ಗಾಡಿ ನಿಂತಾಗ ಅಪ್ಪ ಪಕ್ಕದ ಡ್ರೈವರ್‌ಗೆ ‘ನೋಡು, ನನ್ನ ಮಗ’ ಅಂತ ತೋರಿಸೋದು ಆ ಮುಖಾನೇ.”

ತಮ್ಮ ಲ್ಯಾಪ್‌ಟಾಪ್ ಮುಚ್ಚಿದ.

“ಸರಿ, ನಿನ್ನ ಚಿತ್ರಕ್ಕೇ ಮತ್ತೆ ಬಣ್ಣ ಹಚ್ಚು. ಈ ಸಲ ಹಲ್ಲಾದ್ರೂ ಹಾಕ್ತೀಯಾ?”

“ಒಂದು ಹಾಕ್ತೀನಿ. ಗಂಟು ಹೊತ್ಕೋ, ನಡಿ.”

ಅವನು ಬಟ್ಟೆಯ ಗಂಟು ಹೊತ್ತು ಅವಳ ಹಿಂದೆ ಬೀದಿಗಿಳಿದ.