ಸಂಜೆಗೆ ಬರುವ ನೋವು

ಮೂರು ದಿನದಿಂದ ನಾವು ದಯೆಯ ಬಗ್ಗೆ ಮಾತಾಡುತ್ತಿದ್ದೇವೆ. ನಿನ್ನೆ ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು ಬಂದು ಕೇಳಿದರು: "ಅಪ್ಪಾರ, ಇರುವಿಗೆ ಸಕ್ಕರಿ ಹಾಕ್ತೀವಿ, ಗುಬ್ಬಿಗೆ ನೀರಿಡ್ತೀವಿ. ಇನ್ನ ದಯಾ ಅಂದ್ರ ಏನ ಮಾಡ್ಬೇಕ್ರಿ?" ಒಳ್ಳೆಯ ಪ್ರಶ್ನೆ. ನೋಡಿ, ಇರುವೆ ಕಣ್ಣಿಗೆ ಕಾಣುತ್ತದೆ. ಗುಬ್ಬಿ ಕಾಣುತ್ತದೆ. ಕಾಣುವುದರ ಮೇಲೆ ದಯೆ ಬರುವುದು ಕಷ್ಟವಲ್ಲ. ಕಾಣದೆ ಇರುವುದರ ಮೇಲೆ? ಅದಕ್ಕೆ ಒಂದು ದೃಷ್ಟಾಂತ ಹೇಳುತ್ತೇನೆ. ಇದರಲ್ಲಿ ಹೆಣ್ಣುಮಕ್ಕಳ ದೇಹದ ಮಾತು ಬರುತ್ತದೆ. ನಾಚಿಕೊಳ್ಳಬೇಡಿ. ದೇಹ ಕೊಟ್ಟ ಆ ಪರಮಾತ್ಮ ನಾಚಿಕೊಂಡಿಲ್ಲ.

ಕರಿಮಣ್ಣಿನ ಸೀಮೆಯ ಯಾವುದೋ ಒಂದು ಊರು ಅನ್ನಿ. ಆ ಊರಿಗೆ ದೊಡ್ಡವನು ಅಂತ ಒಬ್ಬ ಸಾಹುಕಾರ. ಎಣ್ಣೆಯ ಗಿರಣಿ ಇತ್ತು, ನಾಲ್ಕು ಜನ ಮಾತು ಕೇಳುತ್ತಿದ್ದರು. ಪೂಜೆಯಾಗದೆ ಹನಿ ನೀರು ಕುಡಿಯುವವನಲ್ಲ. ಅವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವನ ಕಥೆಯಾಗಿದ್ದರೆ ನೀವು ಅವನನ್ನು ಬೈದು ಹಗುರಾಗಿ ಮನೆಗೆ ಹೋಗುತ್ತಿದ್ದಿರಿ.

ಅವನ ಎಡಗಾಲಿನಲ್ಲಿ ನರಗಳು ಉಬ್ಬಿದ್ದವು. ಮೊಣಕಾಲಿನ ಕೆಳಗೆ ನೀಲಿ ಹುರಿಯನ್ನು ಸುತ್ತಿ ಸುತ್ತಿ ಗಂಟು ಹಾಕಿದ ಹಾಗೆ. ನೋಡಿದವರಿಗೆ ಅಯ್ಯೋ ಅನ್ನಿಸುತ್ತಿತ್ತು. ಹೀಗಾಗಿ ಅವನು ಹೋದಲ್ಲೆಲ್ಲ ಕುರ್ಚಿ ಬರುತ್ತಿತ್ತು. ಮದುವೆಯ ಮನೆಯಲ್ಲಿ ಕುರ್ಚಿ. ಸತ್ತವರ ಮಣ್ಣಿಗೆ ಹೋದರೂ ಕುರ್ಚಿ. ಕ್ಷೌರದ ಅಂಗಡಿಯವನಂತೂ ಎರಡನೆಯ ಕುರ್ಚಿ ಎಳೆದು, "ಸಾವಕಾರ್ರ, ಕಾಲ ಇದರ ಮ್ಯಾಲ ಇಡ್ರಿ" ಎನ್ನುವನು. ಊರಿಗೆ ಊರೇ ಆ ಕಾಲಿನ ಕಾಳಜಿ ಮಾಡಿತು. ತಪ್ಪಲ್ಲ.

ಮನೆಯಲ್ಲಿ ಅವನ ಹೆಂಡತಿ, ಒಬ್ಬ ಮಗ, ಸೊಸೆ, ಮೂರು ಮೊಮ್ಮಕ್ಕಳು. ಸೊಸೆ ಆ ಮನೆಗೆ ಬಂದು ಹನ್ನೆರಡು ವರ್ಷ. ಆ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅವಳು ಮಾವನ ಎದುರಿಗೆ ಕುಳಿತಿರಲಿಲ್ಲ. ಆ ಮನೆಯ ರೀತಿ ಅದು. ಸಂಜೆ ಐದಕ್ಕೆ ಸಾಹುಕಾರ ಗಿರಣಿಯಿಂದ ಬರುವನು. ಪಡಸಾಲೆಯಲ್ಲಿ ಐದಾರು ಜನ ಸೇರುವರು. ಚಹಾ, ಎಲೆ ಅಡಿಕೆ, ಊರಿನ ಮಾತು, ಎಂಟು ಹೊಡೆಯುವ ತನಕ. ಅಷ್ಟೂ ಹೊತ್ತು ಸೊಸೆ ಒಳಬಾಗಿಲಿಗೆ ನಿಂತಿರಬೇಕು. ಯಾರಿಗೆ ಯಾವಾಗ ನೀರು ಬೇಕೋ, ಯಾರಿಗೆ ಇನ್ನೊಂದು ಕಪ್ಪು ಬೇಕೋ! "ನಮ್ಮ ಮನ್ಯಾಗ ಸೊಸಿ ಕುಂತದ್ದು ನಾ ಕಂಡಿಲ್ಲ" ಎಂದು ಸಾಹುಕಾರ ಹೇಳುವನು. ಹೆಮ್ಮೆಯಿಂದ ಹೇಳುವನು. ಕೂತವರು ತಲೆದೂಗುವರು, ಮನೆಗೆ ಹೋಗಿ ತಮ್ಮ ಸೊಸೆಯಂದಿರಿಗೂ ಹೇಳುವರು.

ಮೂರನೆಯ ಹೆರಿಗೆಯಾದ ಮೇಲೆ ಸೊಸೆಗೆ ಕೆಳಹೊಟ್ಟೆಯಲ್ಲಿ ಒಂದು ನೋವು ಶುರುವಾಯಿತು. ಚುಚ್ಚುವ ನೋವಲ್ಲ. ಹಿಂಡದ ಒದ್ದೆ ಸೀರೆಯನ್ನು ಒಳಗೆ ಇಳಿಬಿಟ್ಟ ಹಾಗೆ ಭಾರ, ಎಳೆತ. ಬೆಳಿಗ್ಗೆ ಏಳುವಾಗ ಏನೂ ಇಲ್ಲ. ಮಧ್ಯಾಹ್ನ ಸ್ವಲ್ಪ. ಸಂಜೆ ಬಾಗಿಲಿಗೆ ನಿಂತರೆ ಏರುತ್ತಾ ಏರುತ್ತಾ ಹೋಗುವುದು. ಮುಟ್ಟಿನ ಮುಂಚಿನ ದಿನಗಳಲ್ಲಿ ಇನ್ನೂ ಹೆಚ್ಚು. ಗಂಡನೊಂದಿಗೆ ಇದ್ದ ಮೇಲೂ ಹೆಚ್ಚು, ಅದನ್ನು ಅವಳು ಯಾರಿಗೆ ಹೇಳಬೇಕು? ಮಲಗಿದರೆ ಮಾತ್ರ ಇಳಿಯುತ್ತಿತ್ತು. ಹೀಗಾಗಿ ನಡುವೆ ಹತ್ತು ನಿಮಿಷ ಸಿಕ್ಕರೆ ಕಾಳಿನ ಕೋಣೆಗೆ ಹೋಗಿ ಚೀಲಗಳ ಸಂದಿಯಲ್ಲಿ ಅಡ್ಡಾಗುವಳು.

ಒಂದು ದಿನ ಅತ್ತೆ ನೋಡಿಬಿಟ್ಟಳು.

"ಏನವಾ, ದೀಪ ಹಚ್ಚೂ ಹೊತ್ತಿನ್ಯಾಗ ಮಲಗಿ?"

"ಕೆಳಹೊಟ್ಟಿ ಎಳೀತೈತ್ರಿ ಅತ್ತಿ. ನಿಂತ್ರ ಹೆಚ್ಚು. ಸಂಜಿಕ ತಡಿಯಾಕ ಆಗೂದಿಲ್ಲ. ಅಡ್ಡಾದ್ರ ಇಳೀತೈತಿ."

"ಮುಂಜಾನಿ ಹತ್ತು ಕೊಡ ನೀರ ತುಂಬಿದಿ. ಆವಾಗ ಇದ್ದಿದ್ದಿಲ್ಲ?"

"ಇಲ್ರಿ."

"ಭಾಳ ಶಾಣ್ಯಾ ಬ್ಯಾನಿ ಐತಿ ಬಿಡು. ಗಡಿಯಾರ ನೋಡ್ಕೊಂಡ ಬರತೈತಿ, ಚಾದ ಹೊತ್ತಿಗೆ!"

ಮಾತು ಪಡಸಾಲೆಗೂ ಹೋಯಿತು, ಓಣಿಗೂ ಹೋಯಿತು. ಬಾವಿಯ ಹತ್ತಿರ ನೆರೆಮನೆಯವಳು ನಕ್ಕಳು. "ಮಲಗಿದ್ರ ಹೋಗೂವಂಥ ಬ್ಯಾನಿ ನನಗೂ ಒಂದೀಟ ಕೊಡವಾ ತಂಗಿ." ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಮತ್ತೇನು ಮಾಡಿಯಾಳು?

ಹಾಗಂತ ಮನೆಯವರು ದವಾಖಾನೆಗೆ ತೋರಿಸಲಿಲ್ಲ ಅಂತಲ್ಲ. ಮೂರು ಸಲ ತೋರಿಸಿದರು. ಆದರೆ ಆ ಮನೆಯಲ್ಲಿ ಯಾವ ಕೆಲಸಕ್ಕಾದರೂ ಹೊರಡುವುದು ಬೆಳಗಿನ ಪೂಜೆ ಮುಗಿದ ಕೂಡಲೇ. ರಾತ್ರಿಯೆಲ್ಲ ಮಲಗಿ ಎದ್ದವಳನ್ನು ಬೆಳಿಗ್ಗೆ ಜೀಪಿನಲ್ಲಿ ಕೂಡಿಸಿಕೊಂಡು ಹೋಗುವುದು, ಅಲ್ಲಿ ಮತ್ತೆ ಮೇಜಿನ ಮೇಲೆ ಅಂಗಾತ ಮಲಗಿಸಿ ಸ್ಕ್ಯಾನ್ ಮಾಡುವುದು. "ಏನೂ ಇಲ್ಲ, ಎಲ್ಲಾ ಸರಿ ಐತಿ." ಮೂರು ಸಲವೂ ಅದೇ ರಿಪೋರ್ಟು. ನೋಡಿ, ಡಾಕ್ಟರು ಸುಳ್ಳು ಹೇಳಲಿಲ್ಲ. ಸೊಸೆಯೂ ಸುಳ್ಳು ಹೇಳಲಿಲ್ಲ. ಮನೆಯವರು ಮಾತ್ರ ಕಾಗದವನ್ನು ನಂಬಿದರು, ಮನುಷ್ಯಳನ್ನು ಬಿಟ್ಟರು.

ಆಮೇಲೊಂದು ಸಂಜೆ ದೊಡ್ಡ ಮನೆತನದ ನೆಂಟರು ಬಂದಿದ್ದರು. ಚಹಾ ಕೊಡುವ ನಡುವೆಯೇ ಸೊಸೆ ತಾಟನ್ನು ನೆಲದ ಮೇಲಿಟ್ಟು ಒಳಗೆ ಹೋಗಿ ಮಲಗಿಬಿಟ್ಟಳು. ಇಬ್ಬರಿಗೆ ಕೊಟ್ಟಿದ್ದಳು, ಮೂವರಿಗೆ ಕೊಟ್ಟಿರಲಿಲ್ಲ. ಸಾಹುಕಾರನ ಮುಖ ಕೆಂಪಾಯಿತು. ಮರುದಿನ ಮಗನನ್ನು ಕರೆದು ಹೇಳಿದ:

"ಬರೂ ಸೋಮವಾರ ಇಕಿನ್ನ ತವರಿಗೆ ಬಿಟ್ಟ ಬರ್ತೀವಿ. ನಿಂತು ಬಾಳ್ವೆ ಮಾಡೂ ಮನಸ್ಸು ಬಂದಾಗ ಬರ್ಲಿ. ಮಕ್ಕಳು ಇಲ್ಲೇ ಇರ್ತಾವ."

ಮಗ ಏನೆಂದ? "ಅಪ್ಪಾ..." ಎಂದ. ಅಷ್ಟೇ ಎಂದ. ಅಂಥ ಗಂಡಂದಿರು ಇಲ್ಲಿಯೂ ಕೂತಿದ್ದಾರೆ, ನನಗೆ ಕಾಣುತ್ತಿದ್ದಾರೆ. ಸಣ್ಣ ಕೂಸಿಗೆ ಇನ್ನೂ ಎರಡು ವರ್ಷ. ಸೋಮವಾರ ಮಧ್ಯಾಹ್ನ ಅದು ನಿದ್ದೆ ಹೋದ ಮೇಲೆ ಹೊರಟರು. ಎದ್ದಿದ್ದರೆ ತಾಯಿಯನ್ನು ಬಿಡುತ್ತಿರಲಿಲ್ಲವಲ್ಲ.

ಅಂದು ಸಾಹುಕಾರನಿಗೂ ಪಟ್ಟಣದಲ್ಲಿ ಕೆಲಸವಿತ್ತು. ಕಾಲಿನ ನರ ನೋಡುವ ಡಾಕ್ಟರು ಸಂಜೆಗೆ ಬಾ ಎಂದಿದ್ದರು. ಸೊಸೆಯ ತವರು ಪಟ್ಟಣ ದಾಟಿದ ಮೇಲೆ. ಒಂದೇ ಜೀಪು, ಎರಡೂ ಕೆಲಸ. ಮುಂದೆ ಸಾಹುಕಾರ, ಹಿಂದೆ ಅತ್ತೆ, ಸೊಸೆ, ಒಂದು ಟ್ರಂಕು.

ದವಾಖಾನೆಯಲ್ಲಿ ಎರಡು ತಾಸು ಕಾಯಬೇಕಾಯಿತು. ಸಾಲಾಗಿ ಕುರ್ಚಿಗಳು. ಸಾಹುಕಾರ ಒಂದರಲ್ಲಿ ಕುಳಿತ, ಇನ್ನೊಂದರ ಮೇಲೆ ಕಾಲು ಚಾಚಿದ. ಅತ್ತೆ ಆಚೆ ಕುಳಿತಳು. ಉಳಿದವು ಖಾಲಿ. ಸೊಸೆ ಗೋಡೆಗೆ ಆತು ನಿಂತಳು. ನರ್ಸು ಬಂದು "ಕುಂದ್ರವಾ" ಎಂದಳು. ಇವಳು ಮಾವನ ಕಡೆ ಕಣ್ಣಿನಲ್ಲೇ ತೋರಿಸಿ ತಲೆಯಾಡಿಸಿದಳು.

ಸರದಿ ಬಂತು. ಸಾಹುಕಾರ, ಅತ್ತೆ ಇಬ್ಬರೂ ಒಳಗೆ ಹೋದರು. ಡಾಕ್ಟರು ಒಬ್ಬ ಹೆಣ್ಣುಮಗಳು.

"ಹೇಳ್ರಿ ಯಜಮಾನ್ರ, ನೋವು ಹೆಂಗಿರತೈತಿ?"

"ಭಾರ ಆಗತೈತ್ರಿ ಬಾಯಾರ. ಎಳದಂಗ. ಮುಂಜಾನಿ ಎದ್ದಾಗ ಏನೂ ಇರೂದಿಲ್ಲ. ನಿಂತ್ರ ಹೆಚ್ಚು. ಸಂಜಿಕ ತಡಿಯಾಕ ಆಗೂದಿಲ್ಲ. ಅಡ್ಡಾದ್ರ..."

ಅಲ್ಲಿಗೆ ಸಾಹುಕಾರನ ಮಾತು ನಿಂತಿತು. ಅದು ತನ್ನ ಬಾಯಿಂದ ಬಂದ ಮಾತು, ಆದರೆ ತನ್ನ ಮನೆಯಲ್ಲಿ ಬೇರೆಯವರು ಆಡಿದ್ದ ಮಾತು. ಆಗ ಅದನ್ನು ಶಾಣ್ಯಾ ಬೇನೆ ಎಂದು ನಕ್ಕಿದ್ದರು.

"ಅಡ್ಡಾದ್ರ?" ಎಂದರು ಡಾಕ್ಟರು.

"ಅಡ್ಡಾದ್ರ ಇಳೀತೈತ್ರಿ." ಹೇಳಿದವಳು ಅತ್ತೆ. "ಬಾಯಾರ, ಹೊರಗ ನಮ್ಮ ಸೊಸಿ ನಿಂತಾಳ. ಅಕಿನೂ ಹಿಂಗಽ ಹೇಳ್ತಾಳ್ರಿ. ಕಾಲಲ್ಲ, ಕೆಳಹೊಟ್ಟಿ."

"ಮಕ್ಕಳೆಷ್ಟು?"

"ಮೂರ್ರಿ."

"ಎಷ್ಟೊತ್ತಾತು ನಿಂತು?"

"ಬಂದಾಗಿಂದ್ರಿ."

"ಕರೀರಿ. ಕುಂದ್ರಸಬ್ಯಾಡ್ರಿ. ನಿಂತಾಕಿನ್ನ ನಿಂತಂಗಽ ನೋಡ್ತೀನಿ."

ಮಾವನನ್ನು ಹೊರಗೆ ಕಳಿಸಿ, ಅವಳನ್ನು ಹಾಗೆಯೇ ನಿಲ್ಲಿಸಿ ಸ್ಕ್ಯಾನ್ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಮಾವನನ್ನೂ ಕರೆದರು.

"ಯಜಮಾನ್ರ, ನಿಮ್ಮ ಕಾಲಾಗ ಏನೈತಿ, ಅದಽ ಇಕಿ ಹೊಟ್ಟಿಯೊಳಗ ಐತಿ. ರಕ್ತ ಮ್ಯಾಲಕ್ಕ ಹೋಗೂ ನಾಳದಾಗ ಸಣ್ಣ ಸಣ್ಣ ಬಾಗಿಲಾ ಇರ್ತಾವ. ಬಸುರಿದ್ದಾಗ ನಾಳ ಅಗಲ ಆಗ್ತಾವ. ಕೆಲವೊಬ್ಬರಿಗೆ ಆಮ್ಯಾಲೆ ಬಾಗಿಲಾ ಸರಿಯಾಗಿ ಮುಚ್ಚೂದಿಲ್ಲ. ನಿಂತ್ರ ರಕ್ತ ಹಿಂದಕ್ಕ ಹೊಳ್ಳಿ ಇಳದು ಗರ್ಭಕೋಶದ ಸುತ್ತ ನಿಲ್ಲತೈತಿ. ನರ ಉಬ್ಬತಾವ. ಮಲಗಿದ್ರ ಹರದು ಹೋಗತೈತಿ. ಮಲಗಿಸಿ ನೋಡಿದ್ರ ಎಲ್ಲಿಂದ ಕಾಣಬೇಕು?"

"ಅಲ್ರಿ, ಹೊರಗ ಏನೂ ಗುರುತಿಲ್ಲಲ್ರಿ?"

"ನಿಮ್ಮದು ಧೋತರ ಎತ್ತಿದ್ರ ಕಾಣತೈತಿ. ಅಕಿದು ಅಕಿ ಹೇಳಿದ್ರಽ ಕಾಣೂದು."

ಜೀವಕ್ಕೆ ಅಪಾಯವಿಲ್ಲ ಎಂದರು. ಮೊದಲು ಗುಳಿಗೆ, ಅದರಿಂದ ಆಗದಿದ್ದರೆ ಸಣ್ಣ ನಳಿಗೆಯೊಂದನ್ನು ನಾಳದೊಳಗೆ ಇಳಿಸಿ, ಕೆಟ್ಟ ನಾಳವನ್ನು ಒಳಗಿಂದಲೇ ಮುಚ್ಚುವ ಉಪಾಯವೂ ಇದೆ ಎಂದರು. ಬಹಳ ಹೊತ್ತು ಒಂದೇ ಕಡೆ ನಿಲ್ಲಬಾರದು ಎಂದರು. ಎಲ್ಲರೂ ಹೊರಡುವಾಗ ಅತ್ತೆ ಹಿಂದೆ ಉಳಿದಳು.

"ಬಾಯಾರ, ಇದು ವಯಸ್ಸಾದವರಿಗೂ ಇರತೈತೇನ್ರಿ?"

"ಮುಟ್ಟು ನಿಂತ ಮ್ಯಾಲೆ ಸಾಮಾನ್ಯ ಕಡಿಮಿ ಆಗತೈತಿ."

"ಹೌದ್ರಿ," ಎಂದಳು ಅತ್ತೆ. "ಮುಟ್ಟು ನಿಂತ ಮ್ಯಾಲೇ ಕಡಿಮಿ ಆತು."

ಡಾಕ್ಟರು ಅವಳ ಮುಖ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಆ ಬಾಗಿಲಿಗೆ ಸೊಸೆಗಿಂತ ಮೊದಲು ನಿಂತವಳು ಯಾರು, ಹೇಳಿ? ಇಪ್ಪತ್ತೆಂಟು ವರ್ಷ ನಿಂತಿದ್ದಳು. ತಾನು ನುಂಗಿದ್ದನ್ನೇ ಇವಳೂ ನುಂಗಲಿ ಅಂದುಕೊಂಡಿದ್ದಳು. ನೋವು ಹೀಗೆಯೂ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ.

ರಿಪೋರ್ಟು ಬರುವುದು ಇನ್ನೂ ಅರ್ಧ ತಾಸು ಎಂದರು. ಸಾಹುಕಾರ ಖಾಲಿ ಕುರ್ಚಿಯ ಕಡೆ ಕೈ ಮಾಡಿ ಹೇಳಿದ, "ಕುಂದ್ರವಾ."

ಸೊಸೆ ಕೂಡಲಿಲ್ಲ. ಹಟವಲ್ಲ. ಹನ್ನೆರಡು ವರ್ಷದ ರೂಢಿ, ಮೊಣಕಾಲು ಬಾಗಲಿಲ್ಲ. ಅತ್ತೆಯ ಮುಖ ನೋಡಿದಳು, ನೆಲ ನೋಡಿದಳು, ನಿಂತೇ ಇದ್ದಳು. ಸಾಹುಕಾರ ಎರಡನೆಯ ಸಲ ಹೇಳಲಿಲ್ಲ. ಎದ್ದು ಹೊರಗೆ ಹೋದ. ಮೆಟ್ಟಿಲ ಹತ್ತಿರ ಕಂಬ ಹಿಡಿದು ನಿಂತ. ನರ್ಸು ನೋಡಿ ಓಡಿ ಬಂದಳು.

"ಅಜ್ಜಾರ, ಆ ಕಾಲ ತಗೊಂಡು ಯಾಕ ನಿಂತೀರಿ? ಒಳಗ ಕುರ್ಚಿ ಅದಾವಲ್ರಿ!"

"ನಾ ಒಳಗಿದ್ರ ಅಕಿ ಕುಂದ್ರೂದಿಲ್ಲವಾ."

ಅರ್ಧ ತಾಸು ನಿಂತ. ಕಾಲು ಸಿಡಿಯುತ್ತಿತ್ತು. ಒಳಗೆ ಸೊಸೆ ಕುಳಿತಿದ್ದಳು. ಆಮೇಲೆ ಜೀಪು ಹತ್ತಿದರು. ಡ್ರೈವರ್ ಕೇಳಿದ, "ಸಾವಕಾರ್ರ, ಮುಂದ ಹೊಡೀಲ್ರಿ, ಅಕ್ಕಾರ ತವರಿಗೆ?"

"ಊರಿಗೆ ಹೊಳ್ಳಸು," ಎಂದ ಸಾಹುಕಾರ. "ಕೂಸು ಎದ್ದು ಅವ್ವನ್ನ ಹುಡುಕತಿರತೈತಿ."

ಇಷ್ಟು ಕಥೆ.

ಈಗ ನೀವು ಸಾಹುಕಾರನನ್ನು ಹೊಗಳುತ್ತಿದ್ದೀರಿ. ಸ್ವಲ್ಪ ತಡೆಯಿರಿ. ಅವನು ನಿಂತದ್ದು ಅರ್ಧ ತಾಸು. ಅವಳು ನಿಂತದ್ದೆಷ್ಟು? ತನಗೆ ಅದೇ ನೋವು ಇರದಿದ್ದರೆ ಅವನಿಗೆ ಅರ್ಥವಾಗುತ್ತಿತ್ತೆ? ನಮಗೆ ಬಂದ ನೋವನ್ನಷ್ಟೇ ನಾವು ನಂಬುವುದಾದರೆ, ದಯೆ ಎನ್ನುವ ಮಾತು ಯಾಕೆ ಬೇಕು? ಇನ್ನೊಬ್ಬರ ದೇಹದೊಳಗೆ ನಮಗೆ ಕಣ್ಣಿಲ್ಲ. ಕಿವಿ ಇದೆ. ಪರಮಾತ್ಮ ಅದಕ್ಕೇ ಕಿವಿ ಕೊಟ್ಟ.

ನಿಮ್ಮ ಮನೆಗೆ ಬರೋಣ. ಇವತ್ತು ಮನೆಗೆ ಹೋಗಿ ಕೇಳಿ, "ನಿನಗ ಎಲ್ಲಿ ನೋಯತೈತಿ, ಯಾವ ಹೊತ್ತಿಗೆ ನೋಯತೈತಿ?" ಬೆಳಿಗ್ಗೆ ಕೇಳಬೇಡಿ, ಸಂಜೆ ಕೇಳಿ. ಕೇಳಿದ ಮೇಲೆ ನಗಬೇಡಿ. ದವಾಖಾನೆಗೆ ಕರೆದುಕೊಂಡು ಹೋದರೆ ಅವಳ ಪರವಾಗಿ ನೀವೇ ಮಾತಾಡಬೇಡಿ, ಅವಳು ಹೇಳಲಿ. ತಾಯಂದಿರೇ, ನೀವೂ "ಹೊಟ್ಟಿನೋವು" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ನಿಂತರೆ ಹೆಚ್ಚೋ, ಮಲಗಿದರೆ ಕಡಿಮೆಯೋ, ಯಾವಾಗ ಏರುತ್ತದೆ, ನಾಚದೆ ಹೇಳಿ. ಎಲ್ಲ ಹೊಟ್ಟೆನೋವೂ ಇದೇ ಅಂತಲ್ಲ, ಅದನ್ನು ಹೇಳಬೇಕಾದವರು ಡಾಕ್ಟರು. ಆದರೆ ಒಂದು ಕಾಗದದಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ನೋವೇ ಇಲ್ಲ ಅನ್ನಬೇಡಿ. ಹಿರಿಯ ತಾಯಂದಿರಿಗೆ ಒಂದು ಮಾತು. ನೀವು ನಿಂತಿದ್ದು ಸಾಕು. ಅದನ್ನು ಆಸ್ತಿಯ ಹಾಗೆ ಸೊಸೆಗೆ ದಾಟಿಸಬೇಡಿ. ಗಂಡಸರೇ, ನಿಮ್ಮ ಚಹಾದ ಕಪ್ಪನ್ನು ಒಳಗೆ ಹೋಗಿ ನೀವೇ ತಂದುಕೊಳ್ಳಿ. ಹತ್ತು ಹೆಜ್ಜೆ. ಮರ್ಯಾದೆ ಹತ್ತು ಹೆಜ್ಜೆಯಲ್ಲಿ ಹೋಗುವಂಥದ್ದಾದರೆ ಅದು ಮರ್ಯಾದೆಯೇ ಅಲ್ಲ.

ಈಗ ಮಂಗಳಾರತಿ. ಎಲ್ಲರೂ ಎದ್ದು ನಿಲ್ಲುವುದು ಈ ಮಠದ ವಾಡಿಕೆ. ಇವತ್ತು ನಿಲ್ಲಲಾರದ ತಾಯಂದಿರು ಕುಳಿತೇ ಕೈಮುಗಿಯಲಿ. ಪರಮಾತ್ಮನಿಗೆ ಅದೂ ಸಲ್ಲುತ್ತದೆ. ಯಾರು ಕುಳಿತರು, ಯಾಕೆ ಕುಳಿತರು ಎಂದು ಉಳಿದವರು ತಿರುಗಿ ನೋಡಬೇಡಿ. ದೀಪದ ಕಡೆ ನೋಡಿ.