ಮೂರನೇ ಹೆಣ್ಣು

“ಈ ಹೆಣ್ಣನ್ನೂ ಬದಲ್ ಮಾಡೋಣ” ಎಂದು ಅತ್ತೆಯೊಬ್ಬಳು ಸೊಸೆಗೇ ಹೇಳುವುದನ್ನು ಕೇಳಿ ಹನುಮಸಾಗರದ ಗಾಳೆಮ್ಮ ಗಾಬರಿಯಾದಳು. ಕುಷ್ಟಗಿಯ ಹೆರಿಗೆ ಆಸ್ಪತ್ರೆಯಲ್ಲಿ ಮಗಳ ಸರದಿಗೆ ಕಾಯುತ್ತಿದ್ದಳು ಅವಳು. ಪಕ್ಕದಲ್ಲಿ ಕೂತಿದ್ದ ಆ ಸೊಸೆಯ ತೊಡೆಯ ಮೇಲೆ ದಪ್ಪನೆಯ ಫೈಲಿತ್ತು. ಆಮೇಲೆ ತಿಳಿಯಿತು, ಮಾತು ಅವರ ಮನೆಯ ಗಾಜಿನ ತೊಟ್ಟಿಯ ಏಂಜಲ್ ಮೀನುಗಳದು.

“ಇದು ಮೂರನೇದ್ರಿ, ಅತ್ತಿ.”

“ಆದ್ರೇನಾತು? ಇದರ ತತ್ತೀನೂ ಬೆಳ್ಳಗಾಗಿ ಕೆಟ್ಟು ಹೋದ್ವಲ್ಲ.”

“ನಮಗ ಮೀನ ಕೊಟ್ಟ ಅಂಗಡಿ ಸುಭಾಷಣ್ಣ ನಿನ್ನೆ ಮನಿಗೆ ಬಂದು ನಮ್ಮ ಗಂಡು ಮೀನ ನೋಡಿ ನಕ್ಕಾನ್ರಿ.”

“ಗಂಡಿಗೇನಾಗೈತಿ? ದೊಡ್ಡದೈತಿ, ಎಲ್ಲಾವನ್ನೂ ಕಚ್ಚಿ ಓಡಸ್ತೈತಿ!”

“ಅದನ್ನ ನೋಡೇ ನಾವು ಗಂಡು ಅನ್ಕೊಂಡಿದ್ದು. ತತ್ತಿ ಇಡೋ ಹೊತ್ನ್ಯಾಗ ಹೊಟ್ಟಿ ಕೆಳಗಿನ ಕೊಳವಿ ನೋಡಬೇಕಂತ್ರಿ. ಗಂಡಿಂದು ಸಣ್ಣಗ ಚೂಪು, ಹೆಣ್ಣಿಂದು ದಪ್ಪ. ನಮ್ಮ ಗಂಡಿಂದೂ ದಪ್ಪನ ಐತಿ.”

“ಅಂದ್ರ?”

“ಅದೂ ಹೆಣ್ಣರಿ. ನಾವು ವಾಪಸ್ ಕೊಟ್ಟ ಮೊದಲನೇ ಹೆಣ್ಣು ಅವನ ಅಂಗಡ್ಯಾಗ ಬ್ಯಾರೆ ಗಂಡಿನ ಜೋಡಿ ನೂರು ಮರಿ ಮಾಡೈತಂತ.”

ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಂಡಳು.

“ಅಯ್ಯ ಪಾಪ, ಸುಮ್ಮಸುಮ್ಮನ ಹೆಣ್ಣಿಗೆ ಬೈದ್ವಲ್ಲ. ಮೊದಲ ಗಂಡನ್ನ ನೋಡಬೇಕಿತ್ತು.”

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಕರೆದಳು.

“ಶೈಲಜಾ ಪ್ರಭುರಾಜ! ಯಜಮಾನ್ರು ಬಂದಾರೇನ್ರಿ? ಮಕ್ಕಳಾಗವಲ್ವು ಅಂದ್ರ ಅವರ್ದೂ ಟೆಸ್ಟ್ ಆಗಬೇಕು ಅಂದಿದ್ರಲ್ಲ ಡಾಕ್ಟ್ರು?”

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತಳು.

“ನನ್ನ ಮಗಗೇನಾಗೈತವ್ವಾ? ಆನಿ ಇದ್ದಂಗ ಅದಾನ, ಮನ್ಯಾಗ ಎಲ್ಲಾರ ಮ್ಯಾಲೂ ಜೋರ್ ಮಾಡ್ತಾನ!” ಎನ್ನುತ್ತ ಸೊಸೆಯನ್ನು ಮುಂದೆ ಮಾಡಿಕೊಂಡು ಒಳಗೆ ನಡೆದಳು.