ಎದುರು ಮನೆಗೆ ಹೋಗುವ ದಾರಿ

ನಮ್ಮೂರಿನಂಥದೇ ಒಂದು ಪಟ್ಟಣದಲ್ಲಿ, ನಮ್ಮಂಥವನಲ್ಲದ ಒಬ್ಬ ಸಾಹುಕಾರನಿದ್ದ. ಅವನ ಕಾಲಿಗೆ ಚಪ್ಪಲಿಗಿಂತ ಕಾರೇ ಚೆನ್ನಾಗಿ ಒಪ್ಪಿತ್ತು. ಆದರೂ ತಾಯಿಯೆಂದರೆ ಪ್ರಾಣ. ಆ ತಾಯಿಗೋ, ಎದುರು ಮನೆಯಲ್ಲಿದ್ದ ತಂಗಿಯೆಂದರೆ ಪ್ರಾಣ. ಮಧ್ಯಾಹ್ನವಾಯಿತೆಂದರೆ ರಸ್ತೆ ದಾಟಿ ಹೋಗಬೇಕು, ತಂಗಿಯ ಜೊತೆ ಚೌಕಾಬಾರ ಆಡಬೇಕು, ಸೋತರೆ ಜಗಳ ಕಾಯ್ದು ಬರಬೇಕು. ಆಗಲೇ ಅವಳಿಗೆ ತಿಂದದ್ದು ಅರಗುವುದು.

ಹೀಗಿರುವಾಗ ರಸ್ತೆ ಅಗಲವಾಯಿತು. ಯಾರಿಗೆ ಬೇಕಾದಷ್ಟು ಅಗಲ? ಗಾಡಿಗಳಿಗೆ ಬೇಕಾದಷ್ಟು. ನಡೆಯುವವರಿಗೆ? ನೋಡಿ, ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ. ನೀವು ಕೇಳಿದ್ದೀರಾ? ಎದುರು ಮನೆಯ ತಂಗಿ ಪರದೇಶದವಳಾಗಿಬಿಟ್ಟಳು. ಅಕ್ಕ ಈ ಕಿಟಕಿಯಲ್ಲಿ, ತಂಗಿ ಆ ಕಿಟಕಿಯಲ್ಲಿ, ನಡುವೆ ಹಾರನ್ನು. ಜಗಳವೂ ಕೈಸನ್ನೆಯಲ್ಲೇ ಆಗಬೇಕು. ಕಾರಿನಲ್ಲಿ ಹೋಗೋಣವೆಂದರೆ ನಡುವೆ ಡಿವೈಡರ್ ಹಾಕಿದ್ದಾರೆ, ಊರಾಚೆಯ ಸರ್ಕಲ್ಲಿಗೆ ಹೋಗಿ ತಿರುಗಿಸಿಕೊಂಡು ಬರಬೇಕು. ಅಷ್ಟರಲ್ಲಿ ತಂಗಿ ಮಲಗಿರುತ್ತಾಳೆ.

ಮಗನ ಕರುಳು ಚುರುಕ್ಕೆಂದಿತು. ತಾಯಿಗಾಗಿ ರಸ್ತೆಯ ಮೇಲೊಂದು ಕಾಲುಸೇತುವೆ ಕಟ್ಟಿಸುತ್ತೇನೆ ಎಂದ. ನಗರಸಭೆಯವರು ಪುಕ್ಕಟೆ ಬಂದದ್ದನ್ನು ಬೇಡವೆನ್ನುತ್ತಾರೆಯೇ? "ಜನರ ಅಭಿಪ್ರಾಯ ಕೇಳ್ಬೇಕು ಅಂತ ಒಂದು ನಿಯಮ ಇದೆ ಸ್ವಾಮಿ" ಎಂದು ತಲೆ ಕೆರೆದುಕೊಂಡರು.

"ಕೇಳೋಣ, ಅದಕ್ಕೇನಂತೆ" ಎಂದ ಸಾಹುಕಾರ.

ಕೇಳಿದ ರೀತಿ ನೋಡಿ. ಕಲ್ಯಾಣಮಂಟಪದಲ್ಲಿ ಸಭೆ. ಪ್ರಾರ್ಥನೆ, ಸ್ವಾಗತ, ದೀಪ. ಗಣ್ಯರಿಗೆ ಶಾಲು, ಹಾರ. ಗಣ್ಯರು ಗಣ್ಯರನ್ನು ಹೊಗಳಿದರು. ವಂದನಾರ್ಪಣೆ ಆಯಿತು. ಎಲ್ಲರೂ ಎದ್ದು ನಿಂತು ರಾಷ್ಟ್ರಗೀತೆಯೂ ಆಯಿತು. ಆಮೇಲೆ ನಿರೂಪಕ ಮೈಕಿನಲ್ಲಿ, "ಈಗ ಸಾರ್ವಜನಿಕರು ತಮ್ಮ ಅಭಿಪ್ರಾಯ ತಿಳಿಸಬಹುದು. ಪಕ್ಕದಲ್ಲೇ ಬಿಸಿಬೇಳೆಬಾತ್ ವ್ಯವಸ್ಥೆ ಇದೆ" ಎಂದ. ಸಾರ್ವಜನಿಕರು ಯಾವ ಕಡೆ ಹೋದರು, ನಾನು ಹೇಳಬೇಕೆ?

ಊಟದ ಸಾಲಿನಲ್ಲಿ ಹೂ ಮಾರುವವಳು ಮುಂದಿದ್ದ ಮೇಷ್ಟ್ರಿಗೆ, "ಬುಟ್ಟಿ ಹೊತ್ಕೊಂಡು ಅಷ್ಟು ಮೆಟ್ಲು ಯಾರು ಹತ್ತಾರು ಸಾ?" ಎಂದಳು.

"ಅನ್ನ ಇಕ್ಕೋರ ಮುಂದೆ ಎದುರು ಮಾತಾಡ್ಬಾರ್ದಮ್ಮ" ಎಂದು ಮೇಷ್ಟ್ರು ಇನ್ನೊಂದು ಸೌಟು ಹಾಕಿಸಿಕೊಂಡರು. ಸಾಹುಕಾರ ಕೈಮುಗಿದು ಬಂದಾಗ ಇಬ್ಬರೂ ಒಟ್ಟಿಗೆ, "ಬೊಂಬಾಟಾಗಿದೆ ಸ್ವಾಮಿ" ಎಂದರು. ಅವನಿಗೆ ಹೊಟ್ಟೆ ತುಂಬಿತು.

ಇನ್ನು ತಾಯಿ? ಅವಳಿಗೆ ಸುದ್ದಿಯೇ ಇಲ್ಲ. ಇದ್ದಕ್ಕಿದ್ದಂತೆ ತೋರಿಸಿ ಸಂತೋಷಪಡಿಸಬೇಕೆಂದು ಮಗ ಮುಚ್ಚಿಟ್ಟಿದ್ದ. ಕಿಟಕಿಯಾಚೆ ಕಬ್ಬಿಣ ಏಳುವುದನ್ನು ಕಂಡು ಅವಳು, ಇದ್ಯಾವುದೋ ಚುನಾವಣೆಯ ಕಟೌಟು ಇರಬೇಕು ಎಂದುಕೊಂಡಿದ್ದಳು.

ಉದ್ಘಾಟನೆಯ ದಿನ ತಾಯಿ ಕತ್ತರಿ ಹಿಡಿದು ಟೇಪು ಕತ್ತರಿಸಿದಳು. ತಲೆಯೆತ್ತಿ ನೋಡಿದಳು. ಮೆಟ್ಟಿಲು, ಮೆಟ್ಟಿಲು, ಮೇಲೆಲ್ಲೋ ಆಕಾಶ.

"ಇದನ್ನ ಹತ್ತೋ ಮಂಡಿ ಇದ್ದಿದ್ರೆ ರಸ್ತೆನೇ ಓಡಿ ದಾಟ್ತಿದ್ನಲ್ಲೋ ಮಗನೇ."

ಸಾಹುಕಾರನ ಮುಖ ಸಣ್ಣದಾಯಿತು. "ಸಭೆ ಕರೆದು, ಊಟ ಹಾಕ್ಸಿ ಊರೋರನ್ನೆಲ್ಲ ಕೇಳಿದ್ದೆ ಕಣಮ್ಮ."

"ದಾಟೋಳು ನಾನು. ನನ್ನ ಕೇಳಿದ್ಯಾ?"

"ಈಗ ಕೇಳ್ತೀನಿ. ಏನು ಬೇಕಿತ್ತು?"

"ನಾನು ದಾಟೋ ತನಕ ಇವೆಲ್ಲ ನಿಂತ್ಕೋಬೇಕಿತ್ತು. ಅಷ್ಟೇ."

ಹೇಳಿದವಳೇ ಊರುಗೋಲೆತ್ತಿ ರಸ್ತೆಗಿಳಿದುಬಿಟ್ಟಳು. ಹಾರ ಹಾಕಿಕೊಂಡೇ ಸಾಹುಕಾರ ಹಿಂದೆ ಓಡಿದ. ಎರಡೂ ಕೈ ಚಾಚಿದ. ಹುಟ್ಟಿದಾಗಿನಿಂದ ಅವನು ಗಾಡಿಗಳನ್ನು ಎದುರು ನಿಂತು ನೋಡಿದ್ದೇ ಇಲ್ಲ. ಬಸ್ಸು ಕಿರ್ರೆಂದು ನಿಂತಿತು. ಎಲ್ಲಕ್ಕಿಂತ ಜೋರಾಗಿ ಹಾರನ್ ಹೊಡೆಯುತ್ತ ಮೈಮೇಲೆ ಬಂದದ್ದು ಯಾವುದು ಗೊತ್ತೇ? ಅವನದೇ ಕಾರು. ಡ್ರೈವರ್ ತಲೆ ಹೊರಗೆ ಹಾಕಿ, "ಯಾರಿಗೂ ನಿಲ್ಲಿಸ್ಬೇಡ ಅಂತ ನೀವೇ ಹೇಳಿದ್ರಲ್ಲ ಯಜಮಾನ್ರೆ" ಎಂದ.

ಅರ್ಧ ರಸ್ತೆ ದಾಟಿದರೆ ಮಂಡಿಯೆತ್ತರದ ಆ ಡಿವೈಡರ್. ತಾಯಿ ಹತ್ತಲಾರಳು. ಆಚೆ ಕಿಟಕಿಯಲ್ಲಿ ತಂಗಿ ಬಾಯಿಗೆ ಸೆರಗಿಟ್ಟುಕೊಂಡು ನಿಂತಿದ್ದಾಳೆ. ತಾಯಿ ಡಿವೈಡರ್ ಮೇಲೆಯೇ ಕೂತಳು.

"ಈಗ ಮಾಡು ನಿನ್ನ ಸಭೇನ. ಏ, ಅವತ್ತು ತಿಂದೋರೆಲ್ಲ ಬನ್ನಿ ಇಲ್ಲಿ. ಬಾಯಿ ತಿನ್ನೋಕೆ ಮಾತ್ರ ಇರೋದಾ?"

ಮೊದಲು ಹೂ ಮಾರುವವಳು ಬಂದಳು. "ಈ ಗೋಡೆ ಒಡೆದು ಇಲ್ಲೊಂದು ಸಿಗ್ನಲ್ ಹಾಕ್ಸಿ." ಮೇಷ್ಟ್ರು, "ಶಾಲೆ ಬಿಡೋ ಹೊತ್ತಲ್ಲಿ ದಾಟೋಕೆ ಜಾಸ್ತಿ ಟೈಮ್ ಕೊಡ್ಲಿ" ಎಂದರು. ನಿಂತಿದ್ದ ಬಸ್ಸಿನ ಚಾಲಕ ಇಳಿದು ಬಂದ. "ಸ್ಟಾಪು ಇನ್ನೂ ಮುಂದಕ್ಕೆ ಹೋಗ್ಬೇಕು. ಬಸ್ಸಿನ ಮರೆಯಿಂದ ಬಂದೋರು ಯಾರಿಗೂ ಕಾಣಲ್ಲ." "ಮುಂದೆ ನನ್ನಂಗ್ಡಿ ಇದೆ, ಅಲ್ಲಿ ಬೇಡ" ಎಂದ ಅಂಗಡಿಯವನು. ಜಗಳ ಹತ್ತಿಕೊಂಡಿತು. ಜಗಳ ಹತ್ತಿಕೊಂಡಿತೆಂದೇ ಅದು ಸಭೆಯಾಯಿತು. ಉದ್ಘಾಟನೆಗೆ ಬಂದಿದ್ದ ನಗರಸಭೆಯ ಇಂಜಿನಿಯರ್ ಬಿಸಿಲಲ್ಲಿ ನಿಂತು ಎಲ್ಲವನ್ನೂ ಕೇಳಲೇಬೇಕಾಯಿತು, ಯಾಕೆಂದರೆ ಅವನ ಜೀಪೂ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ದೀಪಾವಳಿಯ ಹೊತ್ತಿಗೆ ಡಿವೈಡರ್ ಒಡೆದು ಸಿಗ್ನಲ್ ಬಂತು. ಅಕ್ಕ ದಾಟಿಹೋಗಿ ಚೌಕಾಬಾರದಲ್ಲಿ ಸೋತು, ಜಗಳ ಕಾಯ್ದು ಬಂದಳು.

ಸಾಹುಕಾರನನ್ನು ಕಂಡು ನಕ್ಕಿರಿ, ಸಂತೋಷ. ಬೊಂಬಾಟಾಗಿದೆ ಎಂದವರು ಯಾರು? ಗೊತ್ತಿದ್ದೂ ನುಂಗಿಕೊಂಡವರು ಯಾರು? ದಾರಿ ಯಾರೋ ಕೊಡುವ ದಾನ ಎಂದುಕೊಂಡವರು ತಟ್ಟೆ ಹಿಡಿದು ನಿಲ್ಲುತ್ತಾರೆ. ನಮ್ಮದು ಎಂದುಕೊಂಡವರು ಬಾಯಿ ತೆರೆಯುತ್ತಾರೆ. ನಿಮ್ಮ ವಾರ್ಡಿನಲ್ಲಿ ರಸ್ತೆಯ ನಕ್ಷೆ ಬಿಚ್ಚುವ ದಿನ ಹೋಗಿ. ಕರೆಯದಿದ್ದರೂ ಹೋಗಿ. ಮಂಡಿನೋವಿನವರನ್ನು, ಮಗು ಎತ್ತಿಕೊಂಡವರನ್ನು, ಕಣ್ಣು ಕಾಣದವರನ್ನು ಕರೆದುಕೊಂಡು ಹೋಗಿ, ಮೈಕು ಮೊದಲು ಅವರ ಕೈಗೆ ಕೊಡಿಸಿ. ಸ್ಟೇರಿಂಗ್ ಹಿಡಿಯುವವರೇ, ಎದುರಿಗೆ ಒಬ್ಬರು ಕಾಲಿಟ್ಟರೆ ಹಾರನ್ನಿನಿಂದ ಕೈ ತೆಗೆದು ಬ್ರೇಕಿನ ಮೇಲೆ ಕಾಲಿಡಿ. ಕಥೆ ಕೇಳಿ ಎದ್ದ ಮೇಲೆ ನೀವೆಲ್ಲ ಈ ಸಭಾಂಗಣದ ಬಾಗಿಲಾಚೆಯ ರಸ್ತೆ ದಾಟಬೇಕಲ್ಲ, ಅಲ್ಲಿಂದಲೇ ಶುರುಮಾಡಿ.